ರಕ್ತದ ಬಣ್ಣ ಕೆಡಿಸುವ ಔಷಧಗಳು

೧೮೮೬ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಕಾನ್ ಮತ್ತು ಹೆಪ್ ಎಂಬ ಇಬ್ಬರು ತರುಣ ವೈದ್ಯರು ಕರುಳಿನ ಹುಳುಗಳ ಬಾಧೆಯಿದ್ದ ರೋಗಿಗೆ ನ್ಯಾಫ್ತಲೀನನ್ನು ಕೊಟ್ಟು ಪರೀಕ್ಷಿಸುತ್ತಿದ್ದರು. ಹುಳುಗಳಿಗೆ ಏನೂ ಆಗಲಿಲ್ಲ. ರೋಗಿಯ ಜ್ವರ ಮಾತ್ರ ಇಳಿದುಹೋಯಿತು. ವಿಚಾರಿಸಿ ನೋಡಲಾಗಿ, ಔಷಧದಂಗಡಿಯಲ್ಲಿ ಕೈತಪ್ಪಿನಿಂದ ಅಸಿಟನಿಲೈಡ್ ಎಂಬ ಬೇರೊಂದು ಪುಡಿಯನ್ನು ಕೊಟ್ಟಿದ್ದರಂತೆ. ಹೀಗೆ ದೊರೆತ ಪುಡಿಯು ‘ಆಂಟಿಫೆಬ್ರಿನ್’ ಎಂಬ ಹೆಸರಿನಿಂದ ಬಹು ಬೇಗನೆ ಪ್ರಸಿದ್ಧವಾಯಿತು. ಆದರೆ ಅದನ್ನು ಸೇವಿಸಿದವರಲ್ಲಿ ಕೆಲವರ ತುಟಿ ಉಗುರುಗಳು ನೀಲಿಗಟ್ಟಿದವು. ಶ್ವಾಸಕೋಶದಲ್ಲಿ ದೋಷವಿಲ್ಲ, ಹೃದಯವು ಮಿಡಿಯುತ್ತಲಿದೆ, ಗಾಳಿಗೂ ಕೊರತೆಯಿಲ್ಲ. ಹಾಗಾದರೆ ಮೈ ನೀಲಿಯಾದುದೇಕೆ?

ದೋಷವಿದ್ದುದು ರಕ್ತದಲ್ಲಿ. ಶ್ರೋತೃಗಳು ಬಲ್ಲಂತೆ, ಆಮ್ಲಜನಕವನ್ನು ಹೊರುವ ಕೆಲಸ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿನದು. ಅದರ ಪ್ರತಿಯೊಂದು ಅಣುವಿನಲ್ಲಿಯೂ ಕಬ್ಬಿಣದ ನಾಲ್ಕು ಪರಮಾಣುಗಳುಂಟು. ಇದನ್ನು ನಾಲ್ವರು ಕೂಡುವ ಜಟಕಾ ಬಂಡಿಯೆಂದು ಭಾವಿಸೋಣ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು, ದೇಹದ ಮೂಲೆಮೂಲೆಗಳಲ್ಲಿ ಇಳಿಸಿ ಬರುವ ಬಂಡಿಯಿದು. ಕಬ್ಬಿಣದ ಪರಮಾಣುವು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು, ಫೆರಸ್ ಸ್ಥಿತಿಯಿಂದ ಫೆರಿಕ್ ಸ್ಥಿತಿಗೆ ಹೋದರೆ, ಆ ಪೀಠದಲ್ಲಿ ಆಮ್ಲಜನಕವು ಕೂಡಲಾರದು. ಹೀಗೆ ಕೆಟ್ಟ ಹಿಮೋಗ್ಲೋಬಿನ್ನಿಗೆ ಮೆಥೀಮೋಗ್ಲೋಬಿನ್ ಎಂದು ಹೆಸರು. ಹಾನಿಯು ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಪೀಠವು ಕೆಟ್ಟರೆ ಮಿಕ್ಕ ಪೀಠಗಳಲ್ಲಿ ಕುಳಿತವರೂ ಇಳಿಯಬೇಕಾದಲ್ಲಿ ಇಳಿಯದೆ ಬಿಗಿಯಾಗಿ ಕುಳಿತುಬಿಡುತ್ತಾರೆ! ಆದುದರಿಂದಲೇ ಅಷ್ಟೇ ಪ್ರಮಾಣದ ರಕ್ತಹೀನತೆಗಿಂತಲೂ ಇದು ಹೆಚ್ಚು ಕೇಡಿನದು.

ಆರೋಗ್ಯವಂತರಲ್ಲಿಯೂ ದಿನವೂ ಸ್ವಲ್ಪ ಹಿಮೋಗ್ಲೋಬಿನ್ ಹೀಗೆ ಕೆಡುತ್ತಿರುತ್ತದೆ. ಕೆಂಪು ಕಣದೊಳಗಿನ ಕಿಣ್ವಗಳು ಅದನ್ನು ಆಗಿಂದಾಗ್ಗೆ ಸರಿಪಡಿಸುವುದರಿಂದ, ಕೆಟ್ಟುದರ ಪಾಲು ನೂರಕ್ಕೆ ಸುಮಾರು ಒಂದರೊಳಗೇ ಉಳಿಯುತ್ತದೆ. ಔಷಧದ ವೇಗವು ಕಿಣ್ವದ ವೇಗವನ್ನು ಮೀರಿದಾಗ ತೊಂದರೆ. ನೂರಕ್ಕೆ ಹತ್ತು ಹದಿನೈದಾದರೆ ತುಟಿ ನೀಲಿಯಾಗುತ್ತದೆ. ಮೂವತ್ತನ್ನು ದಾಟಿದರೆ ತಲೆನೋವು, ಏದುಸಿರು, ತಲೆಸುತ್ತು. ಎಪ್ಪತ್ತನ್ನು ಮೀರಿದರೆ ಬದುಕುವುದು ದುರ್ಲಭ.

ಅಸಿಟನಿಲೈಡಿನ ಒಗಟು ಬಿಡಲು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದು ದೇಹದಲ್ಲಿ ಎರಡು ದಾರಿಗಳನ್ನು ಹಿಡಿಯುತ್ತದೆಂದು ೧೯೪೮ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ತೋರಿಸಿಕೊಟ್ಟರು. ಬಹುಭಾಗವು ನೋವು ಕಳೆಯುವ ಪದಾರ್ಥವಾಗಿಯೂ, ಅಲ್ಪಭಾಗವು ಅನಿಲೀನ್ ಆಗಿಯೂ ಮಾರ್ಪಡುತ್ತದೆ. ಗುಣವೆಲ್ಲ ಮೊದಲನೆಯದರದು, ರಕ್ತವನ್ನು ಕೆಡಿಸುವ ಅಪರಾಧ ಎರಡನೆಯದರದು. ಆ ಮೊದಲನೆಯದೇ ಇಂದು ಮನೆಮನೆಯಲ್ಲಿಯೂ ಇರುವ ಪಾರಸಿಟಮಾಲ್.

ಅಸಿಟನಿಲೈಡ್ ಮರೆಯಾದರೂ ಅದರ ಸ್ವಭಾವದ ಔಷಧಗಳು ಇನ್ನೂ ಬಳಕೆಯಲ್ಲಿವೆ: ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್, ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್, ಬಾಯಿ ಗಂಟಲುಗಳನ್ನು ಮರಗಟ್ಟಿಸುವ ಬೆಂಜೋಕೇನ್. ಇವುಗಳಿಂದ ಆಗಿರುವ ಉಪಕಾರ ದೊಡ್ಡದು; ಹೆದರಿ ಬಿಡತಕ್ಕವಲ್ಲ. ಎಳೆಗೂಸುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು, ಏಕೆಂದರೆ ಮೊದಲ ಕೆಲವು ತಿಂಗಳುಗಳಲ್ಲಿ ಆ ರಕ್ಷಕ ಕಿಣ್ವವು ಅವುಗಳಲ್ಲಿ ಕಡಮೆ. ಹಲ್ಲು ಹುಟ್ಟುವಾಗ ವಸಡಿಗೆ ಸವರುವ ಬೆಂಜೋಕೇನ್ ಲೇಪವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೧೮ರಲ್ಲಿ ಎಚ್ಚರಿಸಿತು.

ಈ ಸ್ಥಿತಿಯನ್ನು ಗುರುತಿಸುವುದು ಹೇಗೆ? ಆಮ್ಲಜನಕವನ್ನು ಎಷ್ಟು ಕೊಟ್ಟರೂ ನೀಲಿಬಣ್ಣ ಹೋಗುವುದಿಲ್ಲ. ಬೆರಳಿಗೆ ಸಿಕ್ಕಿಸುವ ಯಂತ್ರವು, ಕೇಡು ಬಲಿತಾಗ, ೮೫ರ ಸುಮಾರಿಗೆ ನಿಂತುಬಿಡುತ್ತದೆ; ಆ ಅಂಕಿಯನ್ನು ನಂಬುವಂತಿಲ್ಲ. ರೋಗಿಯ ರಕ್ತದ ಒಂದು ತೊಟ್ಟನ್ನು ಬಿಳಿಯ ಕಾಗದದ ಮೇಲೆ ಬಿಟ್ಟರೆ, ಗಾಳಿ ತಗುಲಿಯೂ ಅದು ಕೆಂಪಾಗದೆ ಚಾಕೊಲೇಟಿನಂತೆ ಕಂದಾಗಿಯೇ ಉಳಿಯುತ್ತದೆ. ಯಾವ ಔಷಧವನ್ನು ಸೇವಿಸಿದ್ದಾಯಿತೆಂದು ಮನೆಯವರು ಹೇಳುವ ಒಂದು ಮಾತು ಇಲ್ಲಿ ವೈದ್ಯನಿಗೆ ಬಹಳ ಉಪಯುಕ್ತ.

ಚಿಕಿತ್ಸೆಯು ಸ್ವಾರಸ್ಯವಾದುದು. ನೀಲಿಯಾದ ರೋಗಿಗೆ ನೀಲಿಯ ಬಣ್ಣವನ್ನೇ ಕೊಡುತ್ತಾರೆ! ೧೮೭೬ರಲ್ಲಿ ಬಣ್ಣದ ಕಾರ್ಖಾನೆಯಲ್ಲಿ ಹುಟ್ಟಿದ ಮೆಥಿಲೀನ್ ಬ್ಲೂ, ದೇಹದ ತೂಕದ ಕಿಲೋಗ್ರಾಮಿಗೆ ಒಂದೆರಡು ಮಿಲಿಗ್ರಾಮಿನಂತೆ, ರಕ್ತನಾಳದೊಳಕ್ಕೆ ನಿಧಾನವಾಗಿ ಸೇರಿ, ಕೆಟ್ಟ ಕಬ್ಬಿಣಕ್ಕೆ ಅದು ಕಳೆದುಕೊಂಡ ಎಲೆಕ್ಟ್ರಾನನ್ನು ಹಿಂದಿರುಗಿಸುತ್ತದೆ. ಪ್ರಮಾಣ ಮೀರಿದರೆ ಈ ಬಣ್ಣವೇ ಹಿಮೋಗ್ಲೋಬಿನ್ನನ್ನು ಕೆಡಿಸುವುದೂ ಉಂಟು. ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಇದು ಉಪಯೋಗಕ್ಕೆ ಬಾರದುದಲ್ಲದೆ, ಅವರ ಕೆಂಪು ಕಣಗಳನ್ನೇ ಒಡೆಯಬಲ್ಲುದು. ಉಳಿದವರಲ್ಲಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತುಟಿಯು ಮತ್ತೆ ಕೆಂಪಾಗುತ್ತದೆ. ಆ ಬಳಿಕ ಮೂತ್ರವು ಹಸಿರುನೀಲಿಯಾಗಿ ಹೋಗುವುದನ್ನು ಕಂಡು ಮನೆಯವರು ಗಾಬರಿಪಡಬೇಕಾದುದಿಲ್ಲ.