ಹೆಸಿಯಡ್ ಕವಿಯ ಅಸ್ಕ್ರಗ್ರಾಮ

ಗ್ರೀಸ್ ದೇಶದ ಬಿಯೋಷಿಯಾ ಪ್ರಾಂತದಲ್ಲಿ, ಹೆಲಿಕನ್ ಪರ್ವತದ ತಪ್ಪಲಿನಲ್ಲಿದ್ದ ಅಸ್ಕ್ರವೆಂಬ ಸಣ್ಣ ಗ್ರಾಮವು ಸುಮಾರು ಕ್ರಿ. ಪೂ. 700ರಲ್ಲಿದ್ದ ಹೆಸಿಯಡ್ ಕವಿಯಿಂದ ಪ್ರಸಿದ್ಧಿಗೆ ಬಂದಿತು. ಅಪಕೀರ್ತಿಯೂ ಅದಕ್ಕೆ ಅವನಿಂದಲೇ ಬಂದಿತು. ಕೃಷಿಕಾರ್ಯಗಳನ್ನೂ ಶುಭಾಶುಭ ದಿನಗಳನ್ನೂ ಕುರಿತ ತನ್ನ ಕಾವ್ಯದಲ್ಲಿ ಆತನು ಊರಿನ ಚಳಿಯನ್ನೂ ಬೇಸಗೆಯನ್ನೂ ಒಂದೇ ಸಮನಾಗಿ ಹಳಿದಿದ್ದಾನೆ. ಗ್ರಾಮವು ಬಡದೆಂದೂ ನೆಲವು ಬರಡೆಂದೂ ಭಾವಿಸುವುದಕ್ಕೆ ಈ ಮಾತೇ ಆಧಾರವಾದುದುಂಟು.

ಆದರೆ ಕವಿಯ ಸ್ಥಿತಿಯನ್ನು ನೋಡಬೇಕು. ಅವನ ತಂದೆ ಏಷ್ಯಾ ಮೈನರಿನ ಕೈಮಿ ಪಟ್ಟಣದವನು. ಹಡಗಿನ ವ್ಯಾಪಾರದಲ್ಲಿ ಏಳಿಗೆ ಕಾಣದೆ, ದಾರಿದ್ರ್ಯಕ್ಕೆ ಅಂಜಿ, ಕಡಲು ದಾಟಿ ಬಂದು ಇಲ್ಲಿ ನೆಲಸಿದನು. ಪಿತ್ರಾರ್ಜಿತದ ವಿಭಾಗದಲ್ಲಿ ಸಹೋದರನಾದ ಪರ್ಸೀಸನು ಲಂಚಕೋರ ಅಧಿಪತಿಗಳ ಬೆಂಬಲದಿಂದ ಹೆಚ್ಚಿನ ಪಾಲನ್ನು ಕಬಳಿಸಿದನೆಂಬುದು ಕವಿಯ ದೂರು. ಇಂಥವನ ನಿಂದೆಯನ್ನು ಭೂವರ್ಣನೆಯೆಂದು ಗ್ರಹಿಸುವುದು ಯುಕ್ತವಲ್ಲ. ಊರವರು ದಂಡ ವಿಧಿಸಿದುದರಿಂದಲೇ ಆತನು ಊರನ್ನು ಜರೆದನೆಂದು ರೋಮನ್ ಚರಿತ್ರಕಾರ ವೆಲ್ಲೀಯಸನು ಹೇಳುತ್ತಾನೆ. ಇದು ಬರಿಯ ಊಹೆಯಾದರೂ ಆಗಿರಬಹುದು. ಪ್ರಾಚೀನರೂ ಹವೆಯಲ್ಲದ ಕಾರಣವನ್ನು ಹುಡುಕಿದರೆಂಬುದು ಗಮನಾರ್ಹ. ಹೆಗೆಸಿನಸ್ ಎಂಬ ಇನ್ನೊಬ್ಬ ಕವಿಯಂತೂ ಅಸ್ಕ್ರವನ್ನು ನೀರಬುಗ್ಗೆಗಳ ತಾಣವೆಂದೇ ಬಣ್ಣಿಸಿದ್ದನು. ಅವನ ಕಾವ್ಯ ಕ್ರಿ. ಶ. 2ನೆಯ ಶತಮಾನದ ಪ್ರವಾಸಿ ಪಾಸೇನಿಯಸನ ಕಾಲಕ್ಕೇ ನಷ್ಟವಾಗಿತ್ತು. ಮತ್ತೊಬ್ಬನ ಗ್ರಂಥದಿಂದ ಎತ್ತಿಕೊಂಡು ಆತನು ಕೆಲವು ಪಂಕ್ತಿಗಳನ್ನು ಉಳಿಸಿಕೊಟ್ಟನು.

ನೆರೆಯ ಥೆಸ್ಪಿಯೆ ಪಟ್ಟಣದವರು ಅಸ್ಕ್ರವನ್ನು ನಾಶಮಾಡಿದರೆಂದೂ, ಅಳಿದುಳಿದವರಿಗೆ ಆರ್ಕೊಮೆನಸ್ ಪಟ್ಟಣವು ಆಶ್ರಯವಿತ್ತಿತೆಂದೂ ಪ್ಲೂಟಾರ್ಕನಿಂದ ತಿಳಿಯಬರುತ್ತದೆ. ಹೆಸಿಯಡನ ಸಮಾಧಿಯನ್ನೂ ಪಾಸೇನಿಯಸನು ಕಂಡುದು ಆರ್ಕೊಮೆನಸಿನಲ್ಲಿಯೇ. ಅಸ್ಕ್ರದಲ್ಲಿಯಾದರೋ ಹೇಳಿಕೊಳ್ಳತಕ್ಕ ವಸ್ತುವೆಂದು ಅವನಿಗೆ ತೋರಿದುದು ಒಂದೇ ಒಂದು ಗೋಪುರ.

ಜನವಸತಿಯ ಮಿಕ್ಕ ಕಥೆಯನ್ನು ಮಡಕೆಯ ಚೂರುಗಳು ಹೇಳುತ್ತವೆ. 1980ರ ದಶಕದಲ್ಲಿ ಆಂಟನಿ ಸ್ನಾಡ್‌ಗ್ರಾಸ್ ಮತ್ತು ಜಾನ್ ಬಿಂಟ್ಲಿಫ್ ಎಂಬ ವಿದ್ವಾಂಸರು ಈ ಕಣಿವೆಯ ಹೊಲಗಳನ್ನು ಸಾಲುಸಾಲಾಗಿ ನಡೆದು, ನೆಲದ ಮೇಲಣ ಚೂರುಗಳನ್ನು ಎಣಿಸಿ, ಕಾಲಾನುಕ್ರಮವಾಗಿ ವಿಂಗಡಿಸಿದರು. ಒಂದು ಕಾಲದ ಚೂರುಗಳು ಎಷ್ಟು ವಿಸ್ತಾರಕ್ಕೆ ಹರಡಿವೆಯೋ ಅದರಿಂದ ಆ ಕಾಲದ ಊರಿನ ಅಳತೆಯೂ, ಅಳತೆಯಿಂದ ಜನಬಾಹುಳ್ಯವೂ ಅನುಮೇಯವಾಗುತ್ತವೆ. ರೋಮನ್ ಆಳ್ವಿಕೆಯ ಆದಿಭಾಗದ ಚೂರುಗಳು ಇಲ್ಲಿ ವಿರಳ. ಪಾಸೇನಿಯಸನ ಮಾತಿಗೆ ಇದು ಒಪ್ಪುತ್ತದೆ. ಆ ಆಳ್ವಿಕೆಯ ಅಂತ್ಯಭಾಗದವಾದರೋ ಮತ್ತೆ ಹೇರಳ. ಪಾಳುಬಿದ್ದ ಊರಿಗೆ ಜನರು ಹಿಂದಿರುಗಿದುದು ಬರಡುನೆಲವನ್ನು ನಂಬಿಯಲ್ಲ. ಸೋದರರು ವ್ಯಾಜ್ಯವಾಡಿದುದೂ ಬೆಲೆಯಿಲ್ಲದ ಹೊಲಕ್ಕಾಗಿ ಅಲ್ಲ. ಕಣಿವೆಯ ಬಳಿಯ ಒಂದು ಗ್ರಾಮಕ್ಕೆ ಇಂದಿಗೂ ಅಸ್ಕ್ರಿ ಎಂಬ ಹೆಸರಿದೆ.