ಬ್ರೇಕ್ ಪೆಡಲ್ ಕಲ್ಲಿನಂತಾಗಿದೆಯೇ? ಗ್ಯಾರೇಜಿಗೆ ಹೋಗುವ ಮುನ್ನ ಮೂರು ಪರೀಕ್ಷೆ

ಹೊರಗಿನ ಆರ್ಡರು ಹಿಡಿಯುವ ನಮ್ಮ ಸದಸ್ಯ ಬಾಂಧವರಲ್ಲಿ ಬಹುತೇಕರ ಬಳಿ ಒಂದು ವ್ಯಾನಾದರೂ ಇದೆ. ಗ್ರೈಂಡರಿನ ಬೆಲ್ಟ್ ಸಡಿಲವಾದರೆ ಅದೇ ದಿನ ಬದಲಾಗುತ್ತದೆ. ಆದರೆ ಡ್ರೈವರ್ ಬಂದು "ಸೇಟ್ರೇ, ಬ್ರೇಕ್ ಟೈಟ್ ಆಗಿದೆ" ಎಂದರೆ, "ಈ ಮುಹೂರ್ತಗಳು ಮುಗಿಯಲಿ, ನೋಡೋಣ" ಎಂಬ ಉತ್ತರ ಬರುವುದುಂಟು. ಹಿಂದೆ ಕುದಿಯುವ ಸಾಂಬಾರಿನ ಪಾತ್ರೆ, ಅದನ್ನು ಹಿಡಿದುಕೊಂಡು ಕುಳಿತ ಇಬ್ಬರು ಹುಡುಗರು ಇರುವ ವ್ಯಾನು ಅದು ಎಂಬುದನ್ನು ನೆನಪಿಡಬೇಕು.

ಪೆಡಲಿನ ತೊಂದರೆ ಎರಡು ಬಗೆಯದು. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಸೋರಿದೆ ಅಥವಾ ಪೈಪಿನೊಳಗೆ ಗಾಳಿ ಸೇರಿದೆ ಎಂದರ್ಥ. ಪೆಡಲ್ ಗಟ್ಟಿಯಾಗಿ ಕಾಲಿಗೆ ಎದುರು ನಿಂತರೆ ವಿಷಯ ಬೇರೆ. ಆಗ ಹೆಚ್ಚಿನ ಸಲ ಕೆಟ್ಟಿರುವುದು ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ವ್ಯವಸ್ಥೆ. ಇದನ್ನು ತಿಳಿಯದೆ ಮೊದಲು ಪ್ಯಾಡ್ ಬದಲಿಸಿ, ಆಮೇಲೆ ಆಯಿಲ್ ಬದಲಿಸಿ, ಎರಡು ಬಿಲ್ ಕಟ್ಟಿದ ಮೇಲೂ ಪೆಡಲ್ ಹಾಗೆಯೇ ಇರುತ್ತದೆ.

ಬೂಸ್ಟರ್ ಎಂದರೆ ಬಾನೆಟ್ ಒಳಗೆ, ಡ್ರೈವರಿನ ಎದುರು ಭಾಗದಲ್ಲಿ ಕೂತಿರುವ ದೊಡ್ಡ ಕರಿಯ ಡಬ್ಬಿ. (ಸೀಟಿನ ಕೆಳಗೆ ಎಂಜಿನ್ ಇರುವ ವ್ಯಾನುಗಳಲ್ಲಿ ಜಾಗ ಬೇರೆ ಇರಬಹುದು.) ಅದರೊಳಗೆ ಕುಕ್ಕರ್ ಗ್ಯಾಸ್ಕೆಟ್ ಮಾದರಿಯ ರಬ್ಬರಿನ ಪರದೆ ಇದೆ. ಪೆಟ್ರೋಲ್ ಮತ್ತು ಸಿ.ಎನ್.ಜಿ. ಗಾಡಿಗಳಲ್ಲಿ ಎಂಜಿನ್ನೇ ಒಂದು ರಬ್ಬರ್ ಪೈಪಿನ ಮೂಲಕ ಡಬ್ಬಿಯ ಗಾಳಿಯನ್ನು ಹೀರುತ್ತದೆ. ಡೀಸೆಲ್ ಗಾಡಿಗಳಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ. ಪೆಡಲ್ ಒತ್ತಿದಾಗ ಪರದೆಯ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಎಂಟು ಇಂಚಿನ ಡಬ್ಬಿಯಾದರೆ ಆ ತಳ್ಳುವ ಬಲ ಸುಮಾರು 200 ಕಿಲೋ, ಅಂದರೆ 50 ಕಿಲೋದ ನಾಲ್ಕು ಅಕ್ಕಿ ಮೂಟೆಗಳಷ್ಟು. ಇದು ತಪ್ಪಿದಾಗ ಆ ನೆರವಿಲ್ಲದೆ ಕಾಲೇ ಬಹಳ ಬಲವಾಗಿ ಒತ್ತಬೇಕಾಗುತ್ತದೆ.

ಪರೀಕ್ಷೆಗೆ ಉಪಕರಣ ಬೇಡ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮೊದಲನೆಯದು: ಎಂಜಿನ್ ಬಂದ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ, ಅದು ಗಟ್ಟಿಯಾದ ಮೇಲೆ ಕಾಲನ್ನು ಹಾಗೆಯೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಹೀರುವಿಕೆ ತಲುಪುತ್ತಿಲ್ಲ, ಅಥವಾ ಬೂಸ್ಟರೇ ಹೋಗಿದೆ. ಎರಡನೆಯದು: ಎರಡು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡಿ, ತುಸು ತಡೆದು ಪೆಡಲ್ ಒತ್ತಿ. ಮೊದಲ ಸಲ ಹಗುರವಾಗಿ, ಆಮೇಲೆ ಸಲಸಲಕ್ಕೂ ಗಟ್ಟಿಯಾಗಬೇಕು. ಮೊದಲ ಸಲವೇ ಕಲ್ಲಿನಂತಿದ್ದರೆ ಡಬ್ಬಿಯಲ್ಲಿ ದಾಸ್ತಾನು ನಿಲ್ಲುತ್ತಿಲ್ಲ. ಮೂರನೆಯದು: ಎಂಜಿನ್ ಓಡುವಾಗ ಪೆಡಲ್ ಒತ್ತಿ ಹಿಡಿದು ಎಂಜಿನ್ ಬಂದ್ ಮಾಡಿ, ಅರ್ಧ ನಿಮಿಷ ಕಾಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಪೆಡಲ್ ಒತ್ತಿದಾಗ ಒಂದೇ ಸಮನೆ 'ಸ್‌ಸ್' ಎಂಬ ಸದ್ದು ಬಂದು, ಎಂಜಿನ್ನಿನ ಓಟವೂ ಏರುಪೇರಾದರೆ ಪರದೆ ಹರಿದಿರುವ ಸಂಭವ ಹೆಚ್ಚು.

ದುರಸ್ತಿಯನ್ನು ಅಗ್ಗದ ಕಡೆಯಿಂದ ಆರಂಭಿಸಿ. ಮೊದಲು ಆ ರಬ್ಬರ್ ಪೈಪ್. ಎಂಜಿನ್ ಬಿಸಿಗೆ ಅದು ಬಿರಿಯುತ್ತದೆ, ಕ್ಲಿಪ್ ಸಡಿಲವಾಗುತ್ತದೆ. ಬೇರೆ ಕೆಲಸಕ್ಕೆ ಕಳಚಿದವರು ಸರಿಯಾಗಿ ಕೂಡಿಸದೆ ಬಿಟ್ಟಿರುವುದೂ ಉಂಟು. ಅದರ ಜಾಗದಲ್ಲಿ ಕೈಗೆ ಸಿಕ್ಕಿದ ನೀರಿನ ಪೈಪ್ ಹಾಕಲು ಬಿಡಬೇಡಿ, ಹೀರುವಿಕೆಗೆ ಅದು ಚಪ್ಪಟೆಯಾಗುತ್ತದೆ. ಪೈಪ್ ಬೂಸ್ಟರಿಗೆ ಸೇರುವಲ್ಲಿ ಒಂದು ಚಿಕ್ಕ ವಾಲ್ವ್ ಇದೆ, ನಮ್ಮ ನೀರಿನ ಪಂಪಿನ ಫುಟ್ ವಾಲ್ವ್ ಇದ್ದಂತೆ. ಬಿಚ್ಚಿ ಊದಿ ನೋಡಿದರೆ ಬೂಸ್ಟರ್ ಕಡೆಯಿಂದ ಗಾಳಿ ದಾಟಬೇಕು, ಎಂಜಿನ್ ಕಡೆಯಿಂದ ದಾಟಬಾರದು. ಡೀಸೆಲ್ ಗಾಡಿಯಲ್ಲಿ ಇವೆರಡೂ ಸರಿಯಿದ್ದರೆ ವ್ಯಾಕ್ಯೂಮ್ ಪಂಪನ್ನು ಗೇಜ್ ಇಟ್ಟು ಅಳೆಯಿಸಿ. ಕೊನೆಗೆ ಬೂಸ್ಟರ್. ಅದನ್ನು ಬಿಚ್ಚಿ ತೇಪೆ ಹಾಕಿಸುವುದು ಬೇಡ, ಇಡಿಯಾಗಿ ಹೊಸದು ಹಾಕಿಸಿ. ಹೊರಗೆಲ್ಲೂ ಸೋರದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಬೂಸ್ಟರಿನೊಳಗೆ ಇಳಿಯುತ್ತಿರಬಹುದು. ಆಗ ಬೂಸ್ಟರ್ ಒಂದನ್ನೇ ಬದಲಿಸಿದರೆ ಹೊಸದೂ ಹಾಳಾಗುತ್ತದೆ.

ಮೂರೂ ಪರೀಕ್ಷೆಯಲ್ಲಿ ಪಾಸಾಗಿಯೂ ಬ್ರೇಕ್ ಹಿಡಿಯದಿದ್ದರೆ ಚಕ್ರಗಳ ಕಡೆ ನೋಡಬೇಕು. ಕ್ಯಾಲಿಪರ್ ಜಾಮ್ ಆಗಿರಬಹುದು, ಪ್ಯಾಡ್ ಸುಟ್ಟು ಗಾಜಿನಂತೆ ನುಣುಪಾಗಿರಬಹುದು, ಚಕ್ರದ ಬಳಿಯ ಬ್ರೇಕ್ ಹೋಸ್ ಒಳಗೇ ಊದಿ ಮುಚ್ಚಿರಬಹುದು. ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ಒಂದೇ ಚಕ್ರ ಮಿತಿಮೀರಿ ಬಿಸಿಯಾಗುವುದು ಇದರ ಗುರುತು. ಬ್ಯಾಟರಿ ವ್ಯಾನುಗಳಿಗೆ ಈ ಪರೀಕ್ಷೆಗಳು ಹೊಂದುವುದಿಲ್ಲ, ಅವನ್ನು ಕಂಪನಿಯ ವರ್ಕ್‌ಶಾಪಿಗೇ ಒಯ್ಯಿರಿ.

ಮುಂಬಯಿ, ಪುಣೆಯ ಬಾಂಧವರಿಗೆ ಒಂದು ವಿಶೇಷ ಸೂಚನೆ. ಖಂಡಾಲಾ ಘಾಟಿಯ ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಎಂಜಿನ್ ಬಂದ್ ಮಾಡುವ ಚಾಳಿ ಕೆಲವು ಡ್ರೈವರುಗಳಿಗಿದೆ. ಬಂದ್ ಮಾಡಿದ ಮೇಲೆ ಬೂಸ್ಟರಿನಲ್ಲಿ ಉಳಿಯುವುದು ಎರಡು ಮೂರು ಸಲ ಒತ್ತುವಷ್ಟು ದಾಸ್ತಾನು ಮಾತ್ರ. ಆಮೇಲೆ ತುಂಬಿದ ವ್ಯಾನನ್ನು ಕಾಲಿನ ಬಲದಿಂದಲೇ ನಿಲ್ಲಿಸಬೇಕು. ಉಳಿಯುವ ಡೀಸೆಲ್ ಎಷ್ಟು ರೂಪಾಯಿಯದು, ನೀವೇ ಲೆಕ್ಕ ಹಾಕಿ.

ದಾರಿಯಲ್ಲಿ ಪೆಡಲ್ ಥಟ್ಟನೆ ಗಟ್ಟಿಯಾದರೆ ಡ್ರೈವರ್ ಮಾಡಬೇಕಾದುದನ್ನು ಇಂದೇ ಹೇಳಿಕೊಡಿ. ಪದೇ ಪದೇ ಒತ್ತಬಾರದು. ಅದು ಮೆತ್ತಗಿನ ಪೆಡಲಿಗೆ ಮಾಡುವ ಉಪಾಯ. ಇಲ್ಲಿ ಉಳಿದ ದಾಸ್ತಾನೂ ಖಾಲಿಯಾಗುತ್ತದೆ. ಬ್ರೇಕ್ ಇದೆ, ನೆರವು ಮಾತ್ರ ಇಲ್ಲ. ಬೇಕಾದರೆ ಎರಡೂ ಕಾಲಿನಿಂದ ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಬೇಕು, ಒಂದೊಂದಾಗಿ ಗೇರ್ ಇಳಿಸಬೇಕು, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಬೇಕು. ಗಾಡಿ ನಿಂತ ಮೇಲೆ ಅದನ್ನು ಮತ್ತೆ ಓಡಿಸದೆ ಟೋ ಮಾಡಿಸಿ, ಊಟ ಸಾಗಿಸಲು ಬೇರೆ ಟೆಂಪೋ ಕರೆಸಿ.

ರಿಪೇರಿಯಾಗಿ ಬಂದ ದಿನ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ, ಅದರ ನಂತರವೇ ಪಾತ್ರೆ ಏರಿಸಿ.