ಆರು ತಿಂಗಳೆಂಬ ಗಡುವು ಬಂದ ದಾರಿ

ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿರುವ ಪರೀಕ್ಷೆ ಬಹಳ ಹಳೆಯದು. ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ, ಗಿಲಕಿ ಆಡಿಸುತ್ತಾರೆ, ಸ್ಟೀಲ್ ತಟ್ಟೆ ಬಡಿಯುತ್ತಾರೆ. ಮಗು ಕತ್ತು ತಿರುಗಿಸಿದರೆ ಎಲ್ಲರಿಗೂ ಸಮಾಧಾನ. ಆದರೆ ಅದು ತಿರುಗಿದ್ದು ಸದ್ದಿಗೇ ಎಂದು ಹೇಳುವುದು ಹೇಗೆ? ಹಾದುಹೋದ ನೆರಳು, ಮಂಚದ ಅದುರು, ಮುಖಕ್ಕೆ ತಾಗಿದ ಗಾಳಿ ಇವೂ ಅದನ್ನು ತಿರುಗಿಸಬಲ್ಲವು. ಕೇಳಿಸದ ಮಗುವೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ, ಆ ಊ ಎನ್ನುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅನುಮಾನ ಹುಟ್ಟುವುದೇ ಎರಡನೆಯ ವರ್ಷದಲ್ಲಿ. ಆಗಲೂ ಹಿರಿಯರು ‘ಇವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಬಜೆ ತೇಯ್ದು ನೆಕ್ಕಿಸಿ’ ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಹಾಗೆ ಕಾಯುತ್ತ ಕುಳಿತರೆ ಮಗು ಕಳೆದುಕೊಳ್ಳುವುದು ಬಹಳ.

ಅದು ಯಾಕೆ ಎಂಬುದಕ್ಕೆ ನಮ್ಮ ಅಕ್ಷರಮಾಲೆಯಿಂದಲೇ ಒಂದು ಉದಾಹರಣೆ ಕೊಡಬಹುದು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಹಿಂದಿಯ ತ ಮತ್ತು ಟ ನಡುವಿನ ಭೇದವನ್ನು ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಗುರುತಿಸುತ್ತಿದ್ದವು. ಹತ್ತು ಹನ್ನೆರಡು ತಿಂಗಳಿನ ಮಕ್ಕಳಲ್ಲಿ ಆ ಶಕ್ತಿ ಬಹುಪಾಲು ಕುಂದಿತ್ತು, ಏಕೆಂದರೆ ಸುತ್ತಲಿನ ಮಾತಿನಲ್ಲಿ ಆ ಭೇದ ಅವಕ್ಕೆ ಸಿಗುತ್ತಿರಲಿಲ್ಲ. ಮಿದುಳು ತನಗೆ ದೊರೆತ ಮಾತಿಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ, ಅದೂ ವರ್ಷ ತುಂಬುವುದರೊಳಗೆ. ಇನ್ನು ಯಾವ ಮಾತೂ ತಲುಪದ ಮಗುವಿನ ಮೊದಲ ವರ್ಷ ಹೇಗಿರಬೇಡ!

ಈ ಆತಂಕ ಪ್ರಯೋಗಕ್ಕಿಂತ ಮೊದಲೇ ಕೆಲವರಿಗೆ ಇತ್ತು. ಅಮೆರಿಕದ ಕೊಲೊರಾಡೊದಲ್ಲಿ ಶ್ರವಣತಜ್ಞೆ ಮೇರಿಯನ್ ಡೌನ್ಸ್ 1960ರ ದಶಕದಲ್ಲೇ ಹುಟ್ಟಿದ ಎಲ್ಲ ಮಕ್ಕಳನ್ನೂ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕೆಂದು ಹಟ ಹಿಡಿದರು. ಆದರೆ ಕೈಯಲ್ಲಿದ್ದ ಸಾಧನ ಸಾಲುತ್ತಿರಲಿಲ್ಲ: ಗಟ್ಟಿ ಸದ್ದು ಮಾಡಿ, ಕೂಸು ರೆಪ್ಪೆ ಅಲುಗಿಸಿತೇ, ಬೆಚ್ಚಿತೇ ಎಂದು ಕಣ್ಣಿನಿಂದ ನೋಡಬೇಕಿತ್ತು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಬಿಕ್ಕಟ್ಟು ಬಿಡಿಸಿದ್ದು ವಿಚಿತ್ರವಾದ ಒಂದು ಸತ್ಯ: ಆರೋಗ್ಯವಂತ ಕಿವಿ ಕೇಳುವುದಷ್ಟೇ ಅಲ್ಲ, ತಾನೂ ಸಣ್ಣಗೆ ದನಿ ಹೊರಡಿಸುತ್ತದೆ. ಹೀಗಿರಬಹುದೆಂದು ಥಾಮಸ್ ಗೋಲ್ಡ್ (ಮುಂದೆ ಖಗೋಳ ವಿಜ್ಞಾನಿಯಾಗಿ ಹೆಸರಾದವರು) 1948ರಲ್ಲೇ ಊಹಿಸಿದ್ದರೂ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಮೂವತ್ತು ವರ್ಷಗಳ ನಂತರ, 1978ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಅದನ್ನು ಅಳೆದು ತೋರಿಸಿದರು. ಕಿವಿಯೊಳಗೆ ಒಂದು ಮೆಲುಸದ್ದು ಬಿಟ್ಟರೆ ಒಳಗಿನ ಸೂಕ್ಷ್ಮ ರೋಮಕೋಶಗಳು ಪ್ರತಿದನಿ ಕೊಡುತ್ತವೆ. ಅದನ್ನು ಪುಟ್ಟ ಮೈಕ್ ಹಿಡಿಯುತ್ತದೆ. ಮಗು ಏನೂ ಮಾಡಬೇಕಿಲ್ಲ, ಮಲಗಿದ್ದರೆ ಸಾಕು.

ಸಾಧನ ಬಂದ ಮೇಲೂ ಎಲ್ಲ ಮಕ್ಕಳಿಗೂ ಯಾಕೆ ಎಂಬ ಪ್ರಶ್ನೆ ಉಳಿಯಿತು. ಹುಟ್ಟಿನಲ್ಲೇ ಶ್ರವಣದೋಷ ಇರುವುದು ಸಾವಿರಕ್ಕೆ ಒಂದರಿಂದ ಮೂರು ಮಕ್ಕಳಲ್ಲಿ. ಅವಧಿಗೆ ಮುನ್ನ ಹುಟ್ಟಿದವರು, ವಂಶದಲ್ಲಿ ಕಿವುಡಿರುವವರು ಇಂಥವರನ್ನಷ್ಟೇ ನೋಡಿದರೆ ಸಾಲದೇ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಸಾಲದು, ಏಕೆಂದರೆ ದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಥ ಯಾವ ಮುನ್ಸೂಚನೆಯೂ ಇರುವುದಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವನ್ನು 1994ರಲ್ಲಿ ಫ್ರೆಡ್ ಬೆಸ್ ಮತ್ತು ಜ್ಯಾಕ್ ಪ್ಯಾರಡೈಸ್ ಎಂಬ ತಜ್ಞರು ಎತ್ತಿದರು: ಮೊದಲ ಪರೀಕ್ಷೆಯಲ್ಲಿ ‘ಮತ್ತೆ ಬನ್ನಿ’ ಎನ್ನಿಸಿಕೊಂಡ ಕೂಸುಗಳಲ್ಲಿ ಬಹುತೇಕವಕ್ಕೆ ಕಿವಿ ಚೆನ್ನಾಗಿಯೇ ಇರುತ್ತದೆ, ಬಾಣಂತಿಗೆ ಸುಮ್ಮನೆ ದಿಗಿಲೇಕೆ, ಬೇಗ ತಿಳಿದದ್ದರಿಂದ ಲಾಭವಿದೆ ಎಂಬುದಕ್ಕೆ ಪುರಾವೆ ಎಲ್ಲಿ? ದಿಗಿಲಿನ ಮಾತು ನಿಜ, ಅದನ್ನು ಹಗುರ ಮಾಡಬಾರದು. ಆದರೆ ಎರಡನೆಯ ಪರೀಕ್ಷೆ ಅದನ್ನು ಕೆಲವು ವಾರಗಳಲ್ಲಿ ಕಳೆಯುತ್ತದೆ. ಗೊತ್ತಾಗದೆ ಹೋದ ಎರಡು ವರ್ಷಗಳನ್ನು ಮರಳಿ ಕೊಡುವ ಪರೀಕ್ಷೆಯಿಲ್ಲ.

ಪುರಾವೆ ಬಂದದ್ದು 1998ರಲ್ಲಿ, ಅದೇ ಕೊಲೊರಾಡೊದಿಂದ. ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 150 ಮಕ್ಕಳನ್ನು ಹೋಲಿಸಿದರು. 72 ಮಕ್ಕಳ ದೋಷ ಆರು ತಿಂಗಳೊಳಗೆ ತಿಳಿದಿತ್ತು, 78 ಮಕ್ಕಳದು ಆಮೇಲೆ. ಬೇಗ ತಿಳಿದು ಬೇಗ ನೆರವು ಪಡೆದವರ ಭಾಷೆ ಸ್ಪಷ್ಟವಾಗಿ ಮುಂದಿತ್ತು. ಮನೆಯ ಸಿರಿತನ ಬಡತನ ಯಾವುದೇ ಇರಲಿ, ಕಲಿತದ್ದು ಬಾಯಿಮಾತೋ ಸನ್ನೆಭಾಷೆಯೋ ಇರಲಿ, ಆ ಅಂತರ ಉಳಿಯಿತು. ಒಂದು ತಿಂಗಳೊಳಗೆ ಪರೀಕ್ಷೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ನೆರವು ಎಂಬ ಈಗಿನ ಲೆಕ್ಕಕ್ಕೆ ಮುಖ್ಯ ಆಧಾರ ಇದೇ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರುವ ತಂದೆತಾಯಿ ಒಂದನ್ನು ನೆನಪಿಡಬೇಕು. ಮಗುವಿಗೆ ಮೊದಲು ಬೇಕಾದದ್ದು ಒಂದು ಭಾಷೆ. ಅದು ಕಣ್ಣಿನಿಂದ ಬಂದರೂ ಭಾಷೆಯೇ.

ದೋಷವಿದೆಯೇ ಎಂದಷ್ಟೇ ಯಂತ್ರ ಹೇಳುತ್ತದೆ, ಉಳಿದದ್ದು ಮನೆಯದು. 2000ದಲ್ಲಿ ಮೇರಿ ಪ್ಯಾಟ್ ಮೊಲ್ಲರ್ 112 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಐದನೆಯ ವಯಸ್ಸಿನ ಭಾಷೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರಿದ್ದು ಕುಟುಂಬ ಎಷ್ಟು ತೊಡಗಿಕೊಂಡಿತ್ತು ಎಂಬುದು. ಹಿಯರಿಂಗ್ ಏಡ್ ಹಾಕಿದ ದಿನವೇ ಕೆಲಸ ಮುಗಿಯಿತೆಂದುಕೊಂಡ ಮನೆಗಳು ಇದನ್ನು ಗಮನಿಸಬೇಕು. ಮಗುವಿಗೆ ಮುಖ ಕಾಣುವಂತೆ ಕುಳಿತು, ಟಿವಿ ಆರಿಸಿ, ಸ್ನಾನ ಮಾಡಿಸುವಾಗ ನೀರಿನ ಹೆಸರು, ಉಣಿಸುವಾಗ ಅನ್ನದ ಹೆಸರು ಹೇಳುತ್ತ, ಉತ್ತರ ಬಾರದಿದ್ದರೂ ಉತ್ತರಕ್ಕೆ ಕಾಯುತ್ತ ಇರುವುದು ದಿನವಿಡೀ ನಡೆಯುವ ದುಡಿಮೆ. ಅದು ತಾಯಿಯೊಬ್ಬಳ ಹೆಗಲಿಗೇ ಬೀಳುವುದು ನಮ್ಮಲ್ಲಿ ಹೆಚ್ಚು. ಅಪ್ಪ, ಅಜ್ಜಿ, ಸೋದರಮಾವ ಎಲ್ಲರೂ ಪಾಲು ತೆಗೆದುಕೊಳ್ಳಬೇಕು.

ಈ ವಿದ್ಯೆಗೆ ನಾವು ದೂರದವರಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡೂ ಸೇರಿದೆ. ಹೆರಿಗೆಯ ಆಸ್ಪತ್ರೆ ಬಿಡುವ ಮುನ್ನ ಕೂಸಿನ ಕಿವಿ ನೋಡಿದಿರಾ ಎಂದು ಕೇಳಿ. ಸೌಲಭ್ಯವಿಲ್ಲ ಎಂದರೆ ಎಲ್ಲಿದೆ ಎಂದು ಬರೆಸಿಕೊಂಡು, ತಿಂಗಳು ತುಂಬುವುದರೊಳಗೆ ಹೋಗಿ. ಮತ್ತೆ ಬನ್ನಿ ಎಂದರೆ ಆ ದಿನ ತಪ್ಪಿಸಬೇಡಿ. ಹಾಲು ಕುಡಿದು ಮಲಗಿದ ಮಗುವಿಗೆ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು.